ತುತ್ತು ಮತ್ತು ಉಸಿರು: ಪುಟ್ಟ ಮಕ್ಕಳಿಗೆ ಉಣಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯ ಸುತ್ತಮುತ್ತ ನಡೆಯುವ ತಾಯಂದಿರ ಸಭೆಗಳಿಗೆ ನಾನು ಹಲವು ವರ್ಷಗಳಿಂದ ಹೋಗುತ್ತಿದ್ದೇನೆ. ಊರು ಬದಲಾದರೂ ಮೊದಲ ಮಾತು ಬದಲಾಗುವುದಿಲ್ಲ: "ಮಗು ಏನೂ ತಿನ್ನುವುದಿಲ್ಲ." ಗಂಟಲಲ್ಲಿ ಸಿಕ್ಕಿಕೊಂಡರೆ ಏನು ಮಾಡಬೇಕೆಂದು ಕೇಳುವವರು ಅಪರೂಪ. ಈ ಎರಡು ಪ್ರಶ್ನೆಗಳಿಗೂ ನಂಟಿದೆ. ತಿನ್ನುವುದಿಲ್ಲವೆಂಬ ಆತಂಕದಲ್ಲಿ ಓಡುವ, ಅಳುವ, ಮೊಬೈಲ್ ನೋಡುವ ಮಗುವಿನ ಬಾಯಿಗೆ ತುತ್ತು ತುರುಕುತ್ತೇವೆ. ಉಸಿರಿನ ದಾರಿಗೆ ಆಹಾರ ಜಾರುವುದು ಇಂಥ ಹೊತ್ತಿನಲ್ಲೇ. ಇಲ್ಲಿ ಬರೆದಿರುವುದು ಮುಖ್ಯವಾಗಿ ಒಂದರಿಂದ ಮೂರು ವರ್ಷದ ಮಕ್ಕಳಿಗೆ. ಅದಕ್ಕಿಂತ ಚಿಕ್ಕ ಕೂಸಿನ ವಿಷಯ ಬಂದಲ್ಲಿ ಬೇರೆಯಾಗಿ ಹೇಳಿದ್ದೇನೆ.

ವರ್ಷ ತುಂಬುವವರೆಗೆ ಚೆನ್ನಾಗಿ ತಿನ್ನುತ್ತಿದ್ದ ಮಗು ಈಗ ಬಾಯಿಯೇ ತೆರೆಯುವುದಿಲ್ಲ. ದೃಷ್ಟಿ ತಾಗಿದೆಯೇ?

ಇಲ್ಲ. ಬೆಳವಣಿಗೆಯ ವೇಗ ಇಳಿದಿದೆ, ಅಷ್ಟೇ. ಹುಟ್ಟಿದಾಗ 3 ಕಿಲೋ ಇದ್ದ ಕೂಸು ಮೊದಲ ಹುಟ್ಟುಹಬ್ಬದ ಹೊತ್ತಿಗೆ ಸುಮಾರು 9 ಕಿಲೋ ಆಗುತ್ತದೆ. ಎರಡನೆಯ ವರ್ಷವಿಡೀ ಅದು ಏರುವುದು ಎರಡು, ಎರಡೂವರೆ ಕಿಲೋ ಮಾತ್ರ. ಹಸಿವೂ ಅದಕ್ಕೆ ತಕ್ಕಂತೆ ತಗ್ಗುತ್ತದೆ. ಬೆಳಿಗ್ಗೆ ಎರಡು ನೀರ್ದೋಸೆ ತಿಂದ ಮಗು ಮಧ್ಯಾಹ್ನ ಎರಡೇ ತುತ್ತಿಗೆ ಎದ್ದುಹೋಗುವುದು ಈ ವಯಸ್ಸಿನಲ್ಲಿ ಸಹಜ. ಒಂದು ಹೊತ್ತಿನ ಊಟವನ್ನು ಅಳೆಯುವ ಬದಲು ಇಡೀ ವಾರದ ಊಟವನ್ನು ನೋಡಿ.

ದೃಷ್ಟಿ ತೆಗೆದರೆ ನನ್ನ ತಕರಾರಿಲ್ಲ, ಆದರೆ ತೂಕವನ್ನೂ ನೋಡಿಸಿ. ಅಂಗನವಾಡಿಯಲ್ಲಿ ತೂಕ ನೋಡಿ ಬೆಳವಣಿಗೆ ಪಟ್ಟಿಯಲ್ಲಿ ಗುರುತು ಹಾಕುತ್ತಾರೆ. ಆ ಗೆರೆ ಮೇಲೇರುತ್ತಿದ್ದರೆ ನಿಶ್ಚಿಂತೆಯಿಂದಿರಿ. ಅದು ಚಪ್ಪಟೆಯಾದರೆ ಅಥವಾ ಇಳಿದರೆ, ಇಲ್ಲವೇ ಮಗು ಮಂಕಾಗಿ ಆಟವನ್ನೇ ಬಿಟ್ಟರೆ ವೈದ್ಯರಲ್ಲಿಗೆ ಹೋಗಿ.

ಹಾಗಾದರೆ ಎಷ್ಟು ಕೊಡಬೇಕು?

ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ ಮೂರು ನಾಲ್ಕು ಊಟ, ನಡುವೆ ಒಂದೆರಡು ಸಣ್ಣ ತಿಂಡಿ, ಜೊತೆಗೆ ಎದೆಹಾಲು. ಪ್ರತಿ ಊಟಕ್ಕೆ 250 ಮಿಲಿಲೀಟರ್ ಹಿಡಿಯುವ ಬಟ್ಟಲಿನಲ್ಲಿ ಮುಕ್ಕಾಲರಿಂದ ಒಂದು ಬಟ್ಟಲು. ಇದು ನೀವು ಎದುರಿಗಿಡಬೇಕಾದ ಪ್ರಮಾಣ. ಅಷ್ಟನ್ನೂ ಮುಗಿಸಲೇಬೇಕೆಂಬ ಕಟ್ಟುಪಾಡಿಲ್ಲ. ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ತೀರ್ಮಾನ. ಎಷ್ಟು ಎಂಬುದು ಮಗುವಿನದು. ತುಟಿ ಬಿಗಿ ಹಿಡಿದರೆ, ಮುಖ ತಿರುಗಿಸಿದರೆ, ಬಟ್ಟಲನ್ನು ದೂಡಿದರೆ "ಸಾಕು" ಎಂದರ್ಥ. ಆ ಮಾತಿಗೆ ಬೆಲೆ ಕೊಡಿ.

ಅಂಗಳದಲ್ಲಿ ಕಾಗೆ, ಬೆಕ್ಕು ತೋರಿಸಿ ಓಡಿಸಿಕೊಂಡೇ ಉಣಿಸುತ್ತೇವೆ. ಮೊಬೈಲ್ ಇಟ್ಟರೆ ಬಟ್ಟಲು ಖಾಲಿಯಾಗುತ್ತದೆ. ತಪ್ಪೇ?

ಕಾಗೆ ಬೆಕ್ಕು ತೋರಿಸಿ, ಹಾಡು ಹೇಳಿ, ಕಥೆ ಕಟ್ಟಿ. ಆದರೆ ಕುಳಿತುಕೊಂಡು. ಓಡುವಾಗ, ನಗುವಾಗ, ಅಳುವಾಗ ಮಗು ಥಟ್ಟನೆ ಉಸಿರು ಒಳಗೆಳೆದುಕೊಳ್ಳುತ್ತದೆ. ಬಾಯಲ್ಲಿರುವ ಚೂರು ಆ ಗಾಳಿಯೊಂದಿಗೆ ಹೋಗುತ್ತದೆ. ಮಲಗಿಸಿ ಉಣಿಸುವುದೂ ಬೇಡ. ಮೆಟ್ಟಿಲಾದರೂ ಸರಿ, ಮಣೆಯಾದರೂ ಸರಿ, ಮಗು ಬೆನ್ನು ನೇರವಾಗಿ ಕುಳಿತಿರಬೇಕು, ನೀವು ಅದರ ಮುಖ ಕಾಣುವಂತೆ ಎದುರಿಗೆ ಕುಳಿತಿರಬೇಕು. ಸೊಂಟದ ಮೇಲೆ ಎತ್ತಿಕೊಂಡು ಉಣಿಸಿದರೆ ಮುಖವೇ ಕಾಣುವುದಿಲ್ಲ. ಉಸಿರುಗಟ್ಟಿದ ಮಗು ಸದ್ದು ಮಾಡುವುದಿಲ್ಲವಾದ್ದರಿಂದ ಮುಖ ಕಾಣುವುದು ಅಗತ್ಯ.

ಮೊಬೈಲ್ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಎರಡು ವರ್ಷ ತುಂಬುವವರೆಗೆ ಪರದೆಯೇ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಊಟದ ಹೊತ್ತಿನಲ್ಲಿ ಅದು ಇನ್ನೂ ಕೆಟ್ಟದ್ದು. ಪರದೆ ನೋಡುವ ಮಗುವಿಗೆ ಹೊಟ್ಟೆ ತುಂಬಿದ್ದೂ ತಿಳಿಯುವುದಿಲ್ಲ, ಬಾಯಲ್ಲಿ ಏನಿದೆಯೆಂಬುದೂ ತಿಳಿಯುವುದಿಲ್ಲ. ಅಗಿಯುವುದನ್ನು ಮರೆತು ನುಂಗುತ್ತದೆ. ಬಿಡಿಸುವಾಗ ನಾಲ್ಕೈದು ದಿನ ರಂಪವಾಗುತ್ತದೆ. ಆ ದಿನಗಳಲ್ಲಿ ಕಡಿಮೆ ತಿಂದರೂ ಪರವಾಗಿಲ್ಲ. ಅರ್ಧ ಗಂಟೆಗೆ ಊಟ ಮುಗಿಸಿ, ಬಟ್ಟಲು ಎತ್ತಿಡಿ.

ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ಯಾವ ತಿಂಡಿಗಳಲ್ಲಿ ಹೆಚ್ಚು?

ಮಗುವಿನ ಉಸಿರುನಾಳ ಹೆಚ್ಚುಕಡಿಮೆ ಅದರ ಕಿರುಬೆರಳಿನಷ್ಟೇ ದಪ್ಪ. ಉರುಟಾದದ್ದು, ಗಟ್ಟಿಯಾದದ್ದು, ಜಾರುವಂಥದ್ದು, ಅಂಟುವಂಥದ್ದು ಆ ದಾರಿಗೆ ಬಿರಡೆಯಂತೆ ಕೂರುತ್ತದೆ. ಕರಾವಳಿಯ ಮನೆಗಳಲ್ಲಿ ಅಂಥವು ಎಲ್ಲಿ ಅಡಗಿರುತ್ತವೆ ನೋಡಿ.

ಮೊದಲನೆಯದು ಬೀಜಗಳು. ಇಡೀ ನೆಲಗಡಲೆ, ಗೇರುಬೀಜ, ಹುರಿಗಡಲೆ, ಬಟಾಣಿ ಇವು ಐದು ವರ್ಷದವರೆಗೆ ಬೇಡ. ಕೈಯಲ್ಲಿ ಕೊಡುವುದಿಲ್ಲವೆಂದು ನಾವು ಸಮಾಧಾನಪಟ್ಟರೂ ಅವು ಬೇರೆ ವೇಷದಲ್ಲಿ ಬರುತ್ತವೆ: ಪಾಯಸದ ಗೇರುಬೀಜ, ಸಜ್ಜಿಗೆಯ ಒಗ್ಗರಣೆಯ ಕಡಲೆಬೇಳೆ, ತೊಂಡೆಕಾಯಿ ಪಲ್ಯದ ಗೇರುಬೀಜ, ಚರುಮುರಿಯ ನೆಲಗಡಲೆ. ಮದುವೆ ಊಟದ ಎಲೆಯಿಂದ ಮಗುವಿಗೆ ತುತ್ತು ಕೊಡುವ ಮುನ್ನ ಬೆರಳಿನಿಂದ ಒಮ್ಮೆ ಹಿಸುಕಿ ನೋಡಿ. ಅಷ್ಟಮಿಯ ಚಕ್ಕುಲಿ, ಉಂಡೆಗಳ ವಿಷಯವೂ ಇದೇ. ಎರಡು ವರ್ಷ ದಾಟಿದವರಿಗೆ ಉಂಡೆಯನ್ನು ಪುಡಿ ಮಾಡಿ ಹಾಲಿನಲ್ಲಿ ಕಲಸಬಹುದು. ಚಕ್ಕುಲಿಯ ಗಟ್ಟಿ ಮುರಿಗೆ ಈ ವಯಸ್ಸಿಗಲ್ಲ.

ಹಣ್ಣುಗಳಲ್ಲಿ ನನಗೆ ಅತಿ ಹೆಚ್ಚು ಭಯ ರಾಂಬುಟಾನಿನದು. ಈಗ ನಮ್ಮ ಜಿಲ್ಲೆಗಳ ತೋಟಗಳಲ್ಲೂ ಬೆಳೆಯುತ್ತಾರೆ, ಮಳೆಗಾಲದಲ್ಲಿ ರಸ್ತೆಬದಿಯಲ್ಲಿ ರಾಶಿ ಹಾಕಿ ಮಾರುತ್ತಾರೆ. ಸಿಪ್ಪೆ ಸುಲಿದರೆ ಅದು ಜಾರುವ ಗೋಲಿ. ನಾಲಗೆಯ ಹಿಡಿತಕ್ಕೆ ನಿಲ್ಲುವುದಿಲ್ಲ. ಪಕ್ಕದ ಕೇರಳದಲ್ಲಿ ಇದು ಗಂಟಲಲ್ಲಿ ಸಿಕ್ಕಿಕೊಂಡು ಕೂಸುಗಳು ತೀರಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ. ಪುಟ್ಟ ಮಕ್ಕಳ ಕೈಗೆ ಇಡೀ ಹಣ್ಣು ಕೊಡಲೇಬೇಡಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ. ಅಡ್ಡ ಕತ್ತರಿಸಿದರೆ ಉರುಟು ಹಾಗೆಯೇ ಉಳಿಯುತ್ತದೆ. ಚಿಕ್ಕು ಹಣ್ಣಿನ ಬೀಜದ ತುದಿ ಕೊಕ್ಕೆಯಂತಿರುತ್ತದೆ, ತೆಗೆದೇ ಕೊಡಿ. ಸೀತಾಫಲ, ನೇರಳೆಯ ಬೀಜಗಳಿಗೂ ಅದೇ ನಿಯಮ. ಹಲಸಿನಲ್ಲಿ ಗಟ್ಟಿ ಜಾತಿಯಾದ ಬಕ್ಕೆಯ ತೊಳೆಯನ್ನು ಸಣ್ಣಗೆ ಹೆಚ್ಚಬಹುದು. ತುಳುವ ಹಲಸು ಮೆತ್ತಗಿದೆಯೆಂದು ನಂಬಿಬಿಡಬೇಡಿ, ಅದರ ನಾರಿನ ತೊಳೆ ಅಗಿಯದೆಯೇ ಇಡಿಯಾಗಿ ಜಾರುತ್ತದೆ. ಹಿಂಡಿ ರಸ ತೆಗೆದು ದೋಸೆಗೋ ಕಡುಬಿಗೋ ಹಾಕುವುದು ಒಳ್ಳೆಯದು. ಹಲಸಿನ ಬೀಜವನ್ನು ಬೇಯಿಸಿ, ನುಣ್ಣಗೆ ಹಿಸುಕಿ.

ಹಸಿ ಕ್ಯಾರೆಟ್ ತುಂಡು, ತೆಂಗಿನಕಾಯಿ ಚೂರು, ಬೊಂಡದ (ಎಳನೀರಿನ) ದಪ್ಪ ತಿರುಳು, ಪಾಪ್‌ಕಾರ್ನ್, ಗಟ್ಟಿ ಮಿಠಾಯಿ, ಜೆಲ್ಲಿ ಇವನ್ನೂ ದೂರವಿಡಿ. ಕ್ಯಾರೆಟನ್ನು ಎರಡು ಬೆರಳಿನ ನಡುವೆ ಒತ್ತಿದರೆ ಹಿಸುಕಿಹೋಗುವಷ್ಟು ಬೇಯಿಸಿ. ಆ ಒಂದು ಪರೀಕ್ಷೆ ಎಲ್ಲ ತರಕಾರಿಗೂ ಸಾಕು.

ಹಲ್ಲು ಬಂದಿದೆಯಲ್ಲ, ಅಗಿಯುವುದಿಲ್ಲವೇ?

ಮುಂದಿನ ಹಲ್ಲು ಕಚ್ಚುತ್ತದೆ, ಅರೆಯುವುದಿಲ್ಲ. ಅರೆಯುವ ಮೊದಲ ದವಡೆಹಲ್ಲು ಬರುವುದು ಸುಮಾರು 13ರಿಂದ 19 ತಿಂಗಳ ನಡುವೆ, ಎರಡನೆಯದು ಎರಡು ವರ್ಷದ ಆಸುಪಾಸಿನಲ್ಲಿ ಅಥವಾ ಅದರ ನಂತರ. ಬಂದ ಮೇಲೂ ಚೆನ್ನಾಗಿ ಅರೆಯಲು ಕಲಿಯುವುದಕ್ಕೆ ವರ್ಷಗಳು ಬೇಕು. ನೆಲಗಡಲೆಯನ್ನು ಮುಂದಿನ ಹಲ್ಲಿನಲ್ಲಿ ಎರಡು ಹೋಳು ಮಾಡಿ, ಅರೆಯಲಾಗದೆ ಹಾಗೆಯೇ ಒಳಗೆಳೆದುಕೊಳ್ಳುವುದು ಇದರಿಂದಲೇ.

ಮೀನು ಕೊಡಬಹುದೇ? ಯಾವ ಮೀನು?

ಖಂಡಿತ ಕೊಡಿ. ಆರು ತಿಂಗಳ ನಂತರ, ಮೇಲೂಟ ಶುರುವಾದ ಮೇಲೆ ಮೀನಿಗೆ ಅಡ್ಡಿಯಿಲ್ಲ. ಮಲ್ಪೆ, ಮಂಗಳೂರಿನ ಬಂದರುಗಳ ಪಕ್ಕದಲ್ಲಿದ್ದು ಮಕ್ಕಳಿಗೆ ಮೀನು ಕೊಡದೆ ಡಬ್ಬಿಯ ಪುಡಿ ಕೊಡುವ ಮನೆಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಬೂತಾಯಿ, ಬಂಗುಡೆಗಳಲ್ಲಿ ಮೆದುಳಿನ ಬೆಳವಣಿಗೆಗೆ ಬೇಕಾದ ಒಮೇಗಾ-3 ಕೊಬ್ಬು ಧಾರಾಳವಾಗಿದೆ. ಸಣ್ಣ ಮೀನಾದ್ದರಿಂದ ಪಾದರಸದ ಅಂಶವೂ ಕಡಿಮೆ. ಶಾರ್ಕಿನಂಥ ದೊಡ್ಡ ಬೇಟೆಗಾರ ಮೀನುಗಳಲ್ಲಿ ಪಾದರಸ ಹೆಚ್ಚು, ಅವು ಮಕ್ಕಳಿಗೆ ಬೇಡ.

ಇರುವ ತೊಡಕು ಮುಳ್ಳಿನದು. ಶುರುವಿಗೆ ಮಾಂಜಿ, ಕಾಣೆ ಸುಲಭ: ನಡುಮುಳ್ಳನ್ನು ಎತ್ತಿದರೆ ಹೆಚ್ಚಿನ ಕೆಲಸ ಮುಗಿಯುತ್ತದೆ. ಬೂತಾಯಿ ಬಂಗುಡೆಗಳ ಕೂದಲೆಳೆಯಂಥ ಮುಳ್ಳಿಗೆ ತಾಳ್ಮೆ ಬೇಕು. ಅರಿಶಿನ ಹಾಕಿ ಬೇಯಿಸಿ, ಅಗಲ ತಟ್ಟೆಯಲ್ಲಿ ಹರಡಿ, ಬೆಳಕಿನಲ್ಲಿ ಬೆರಳ ತುದಿಗಳ ನಡುವೆ ಎಸಳು ಎಸಳಾಗಿ ಉಜ್ಜಿ ನೋಡಿ. ಮುಗಿದ ಮೇಲೆ ಮತ್ತೊಮ್ಮೆ ನೋಡಿ. ಅನ್ನದೊಂದಿಗೆ ಕಲಸುವುದು ಆಮೇಲೆ. ಮೊದಲೇ ಕಲಸಿದರೆ ಮುಳ್ಳು ಅನ್ನದಲ್ಲಿ ಅಡಗಿಬಿಡುತ್ತದೆ. ಸಿಗಡಿಯನ್ನು ಸಣ್ಣಗೆ ಕೊಚ್ಚಿ. ಮರುವಾಯಿ (ಚಿಪ್ಪುಮೀನು) ರಬ್ಬರಿನಂತಿರುತ್ತದೆ, ಮೂರು ವರ್ಷದವರೆಗೆ ಕಾಯಿರಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವುದಿಲ್ಲ, ಮನೆಗಳಲ್ಲಿ ಒಣಮೀನು ಹೊರಗೆ ಬರುತ್ತದೆ. ಅದರ ಉಪ್ಪು ಪುಟ್ಟ ಮಗುವಿಗೆ ತೀರಾ ಹೆಚ್ಚು. ಆ ಎರಡು ತಿಂಗಳು ಮೊಟ್ಟೆ, ಹೆಸರುಬೇಳೆ, ಕೋಳಿಯ ಸಣ್ಣ ಕೊಚ್ಚು ಸಾಕು.

ಮುಳ್ಳು ಸಿಕ್ಕಿದರೆ ಅನ್ನದ ಉಂಡೆ ನುಂಗಿಸುವುದು ರೂಢಿ. ಮಗುವಿಗೂ ಮಾಡಬಹುದೇ?

ಬೇಡ. ಉಂಡೆ ಮುಳ್ಳನ್ನು ಇನ್ನೂ ಆಳಕ್ಕೆ ಚುಚ್ಚಬಹುದು, ಅಥವಾ ಉಂಡೆಯೇ ಗಂಟಲನ್ನು ಮುಚ್ಚಬಹುದು. ಜೊಲ್ಲು ನುಂಗಲಾಗದೆ ಸುರಿಯುತ್ತಿದ್ದರೆ, ಕತ್ತು ತಿರುಗಿಸುವಾಗ ಅಳುತ್ತಿದ್ದರೆ, ಬಾಯಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಹೊರಡಿ.

ನೆತ್ತಿಗೆ ಹತ್ತಿದಾಗ ತಲೆ ತಟ್ಟುತ್ತೇವೆ. ಸರಿಯೇ?

"ಯಾರೋ ನೆನೆಸಿಕೊಂಡರು" ಎನ್ನುತ್ತ ನೆತ್ತಿ ತಟ್ಟುವುದು ನಮ್ಮ ಅಜ್ಜಿಯರ ಪ್ರೀತಿ. ಅದರಿಂದ ಕೇಡಿಲ್ಲ, ಪ್ರಯೋಜನವೂ ಇಲ್ಲ. ಮುಖ್ಯವಾದದ್ದು ಮಗು ಕೆಮ್ಮುತ್ತಿದೆಯೇ ಎಂಬುದು. ಜೋರಾಗಿ ಕೆಮ್ಮುತ್ತಿದ್ದರೆ, ಓಕರಿಸುತ್ತಿದ್ದರೆ, ಮುಖ ಕೆಂಪಾಗಿ ಅಳುತ್ತಿದ್ದರೆ ಗಾಳಿ ಓಡಾಡುತ್ತಿದೆ ಎಂದರ್ಥ. ಮುಂದಕ್ಕೆ ಬಾಗಿಸಿ, ಜೊತೆಗಿರಿ, ಕೆಮ್ಮಲು ಬಿಡಿ. ನೀರು ಕುಡಿಸಬೇಡಿ, ಬಾಯಿಗೆ ಬೆರಳು ಹಾಕಬೇಡಿ.

ಕೆಮ್ಮು ಸದ್ದಿಲ್ಲದಂತಾದರೆ, ಅಳು ಹೊರಡದಿದ್ದರೆ, ಕಣ್ಣು ಅಗಲಿಸಿ ಬಾಯಿ ತೆರೆದುಕೊಂಡು ನೋಡುತ್ತಿದ್ದರೆ, ತುಟಿ ನೀಲಿಗೆ ತಿರುಗುತ್ತಿದ್ದರೆ ಅದು ಉಸಿರುಗಟ್ಟುವಿಕೆ. ಆಗ ಒಂದು ಕ್ಷಣವನ್ನೂ ಕಳೆಯಬಾರದು.

ಉಸಿರುಗಟ್ಟಿದರೆ ಏನು ಮಾಡಬೇಕು?

ಕೂಗಿ ಯಾರನ್ನಾದರೂ ಕರೆಯಿರಿ, ಅವರು 108ಕ್ಕೆ ಕರೆ ಮಾಡಲಿ. ನೀವು ಮಗುವನ್ನು ಬಿಡಬೇಡಿ.

ವರ್ಷ ದಾಟಿದ ಮಗುವಾದರೆ: ಹಿಂದೆ ಮೊಣಕಾಲೂರಿ ಕುಳಿತು, ಒಂದು ಕೈಯಿಂದ ಎದೆಗೆ ಆಸರೆ ಕೊಟ್ಟು ಮುಂದಕ್ಕೆ ಬಾಗಿಸಿ. ಇನ್ನೊಂದು ಅಂಗೈಯ ಬುಡದಿಂದ ಎರಡು ಹೆಗಲೆಲುಬುಗಳ ನಡುವೆ 5 ಬಾರಿ ಬಲವಾಗಿ ಹೊಡೆಯಿರಿ. ಹೊರಬರದಿದ್ದರೆ ಹಿಂದಿನಿಂದ ತಬ್ಬಿ, ಮುಷ್ಟಿಯನ್ನು ಹೊಕ್ಕುಳಿಗಿಂತ ಸ್ವಲ್ಪ ಮೇಲೆ, ಎದೆಗೂಡಿಗಿಂತ ಕೆಳಗೆ ಇಟ್ಟು, ಇನ್ನೊಂದು ಕೈಯಿಂದ ಅದನ್ನು ಹಿಡಿದು ಒಳಕ್ಕೂ ಮೇಲಕ್ಕೂ 5 ಬಾರಿ ಎಳೆಯಿರಿ. ಮತ್ತೆ ಬೆನ್ನಿಗೆ 5, ಹೊಟ್ಟೆಗೆ 5. ಚೂರು ಹೊರಬರುವವರೆಗೆ ಅಥವಾ ಮಗು ಪ್ರಜ್ಞೆ ತಪ್ಪುವವರೆಗೆ ಹೀಗೆಯೇ.

ವರ್ಷದೊಳಗಿನ ಕೂಸಿನ ಹೊಟ್ಟೆಯನ್ನು ಒತ್ತಲೇಬಾರದು. ಮುಂಗೈಯ ಮೇಲೆ ಬೋರಲು ಮಲಗಿಸಿ, ದವಡೆ ಹಿಡಿದು, ತಲೆ ಎದೆಗಿಂತ ತಗ್ಗಿರುವಂತೆ ಇಟ್ಟು ಬೆನ್ನಿಗೆ 5 ಪೆಟ್ಟು. ನಂತರ ಅಂಗಾತ ತಿರುಗಿಸಿ ಎದೆಯ ನಡುವಿನ ಎಲುಬಿನ ಮೇಲೆ 5 ಬಾರಿ ಒತ್ತಬೇಕು.

ಮಗು ಪ್ರಜ್ಞೆ ತಪ್ಪಿ ಜೋತುಬಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ 30 ಬಾರಿ ಒತ್ತಿ, ಬಾಯೊಳಗೆ ನೋಡಿ, ಕಣ್ಣಿಗೆ ಕಂಡ ಚೂರನ್ನು ಮಾತ್ರ ತೆಗೆಯಿರಿ, ಬಾಯಿಂದ 2 ಬಾರಿ ಉಸಿರು ಊದಿ, ಮತ್ತೆ ಒತ್ತಿ. ಫೋನನ್ನು ಸ್ಪೀಕರಿನಲ್ಲಿಡಿ, 108ರವರು ಹೇಳುವುದನ್ನು ಕೇಳುತ್ತ ಮಾಡಿ. ಕಾಲು ಹಿಡಿದು ತಲೆಕೆಳಗಾಗಿ ಜೋತಾಡಿಸುವುದನ್ನು, ಕಾಣದ ಚೂರಿಗಾಗಿ ಬಾಯಲ್ಲಿ ತಡಕಾಡುವುದನ್ನು ಯಾವ ಕಾರಣಕ್ಕೂ ಮಾಡಬಾರದು. ಹೊಟ್ಟೆ ಒತ್ತಿ ಚೂರು ಹೊರಬಂದಿದ್ದರೂ ಒಳಗೆ ಪೆಟ್ಟಾಗಿಲ್ಲವೆಂದು ವೈದ್ಯರಿಂದ ಖಾತ್ರಿಪಡಿಸಿಕೊಳ್ಳಿ.

ಕೆಮ್ಮಿ ಸರಿಹೋಯಿತು, ಈಗ ಆಡುತ್ತಿದ್ದಾನೆ. ಆದರೂ ತೋರಿಸಬೇಕೇ?

ಇದಕ್ಕೆ ನಮ್ಮ ಮನೆಯದೇ ಕಥೆ ಹೇಳುತ್ತೇನೆ. ತಂಗಿಯ ಮಗನಿಗೆ ಆಗ 22 ತಿಂಗಳು. ಊರ ಗದ್ದೆಯಲ್ಲಿ ಯಕ್ಷಗಾನ ಬಯಲಾಟ. ಅವನು ನನ್ನ ಮಡಿಲಲ್ಲಿ ಅರೆನಿದ್ದೆಯಲ್ಲಿದ್ದ. ನಾನು ಹುರಿದ ನೆಲಗಡಲೆ ತಿನ್ನುತ್ತಿದ್ದೆ, ಅವನು ಕೈ ಚಾಚಿದಾಗ ಎರಡು ಕೊಟ್ಟೆ. ಚೆಂಡೆಯ ಸದ್ದಿಗೆ ಬೆಚ್ಚಿದ, ಜೋರಾಗಿ ಕೆಮ್ಮಿದ, ಒಂದೆರಡು ನಿಮಿಷದಲ್ಲಿ ಸುಮ್ಮನಾದ. ಹೋಯಿತು ಅಂದುಕೊಂಡೆವು. ಮೂರು ವಾರ ಅವನಿಗೆ ಕೆಮ್ಮು, ರಾತ್ರಿ ಎದೆಯಲ್ಲಿ ಸುಯ್ಯೆನ್ನುವ ಸದ್ದು. ಶೀತವೆಂದು ಔಷಧಿ ಕೊಟ್ಟರು. ಎಕ್ಸ್-ರೇ ತೆಗೆದಾಗಲೂ ಏನೂ ಕಾಣಲಿಲ್ಲ. ಕೊನೆಗೆ ಒಬ್ಬ ವೈದ್ಯರು ಎದೆಯ ಎರಡೂ ಬದಿಗೆ ಕಿವಿಗೊಟ್ಟು, ಬಲಗಡೆ ಗಾಳಿ ಕಡಿಮೆಯೆಂದು ಗುರುತಿಸಿ, "ತಿನ್ನುವಾಗ ಯಾವಾಗಲಾದರೂ ಕೆಮ್ಮಿದ್ದನೇ" ಎಂದು ಕೇಳಿದರು. ಬ್ರಾಂಕೋಸ್ಕೋಪಿ ಮಾಡಿ, ಅಂದರೆ ಉಸಿರಿನ ದಾರಿಯೊಳಗೆ ಕೊಳವೆ ಇಳಿಸಿ ನೋಡಿ, ಬಲ ಶ್ವಾಸನಾಳದಿಂದ ಅರ್ಧ ನೆಲಗಡಲೆ ತೆಗೆದರು. ಆ ಎರಡು ಬೀಜ ಕೊಟ್ಟವಳು ನಾನು. ಅದನ್ನು ನಾನಿನ್ನೂ ಮರೆತಿಲ್ಲ.

ಬಲಗಡೆಯ ಕವಲು ಅಗಲವಾಗಿ, ನೇರವಾಗಿ ಇಳಿಯುವುದರಿಂದ ಚೂರುಗಳು ಹೆಚ್ಚಾಗಿ ಅಲ್ಲಿ ಕೂರುತ್ತವೆ. ಬೀಜ, ಕಾಳುಗಳ ಚೂರು ಎಕ್ಸ್-ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಆದ್ದರಿಂದ ಗಟ್ಟಿ ಚೂರು ತಿನ್ನುವಾಗ ಥಟ್ಟನೆ ಕೆಮ್ಮು ಬಂದು ನಿಂತಿದ್ದರೆ ಅದೇ ದಿನ ತೋರಿಸಿ. ಏನು ತಿನ್ನುತ್ತಿತ್ತು, ಯಾವಾಗ ಕೆಮ್ಮಿತು ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ.

ಕುಚ್ಚಲಕ್ಕಿ ಗಂಜಿ ಸಾಕೇ?

ಗಂಜಿ ಒಳ್ಳೆಯದು, ಗಂಜಿ ತಿಳಿ ಸಾಲದು. ತಿಳಿಯಿಂದ ಪುಟ್ಟ ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ಚಮಚ ಓರೆ ಮಾಡಿದರೆ ಸುರಿದುಹೋಗದಷ್ಟು ದಪ್ಪವಿರಲಿ. ಕುಚ್ಚಲಕ್ಕಿಯ ಅಗುಳು ಗಡುಸು, ಚೆನ್ನಾಗಿ ಮಸೆದು ಹೆಸರುಬೇಳೆ, ಬೆಂದ ಬಸಳೆ ಅಥವಾ ಹರಿವೆ, ಒಂದು ಚಮಚ ತುಪ್ಪ ಅಥವಾ ತೆಂಗಿನಹಾಲು ಸೇರಿಸಿ. ರಾಗಿ ಮಣ್ಣಿಯೂ ಚೆನ್ನ. ಸಿಹಿಗೆ ಬೆಲ್ಲದ ಬದಲು ಹಿಸುಕಿದ ಬಾಳೆಹಣ್ಣು. ಹೊಸ ರುಚಿಯನ್ನು ಉಗುಳಿದರೆ ಬೇಸರಿಸಬೇಡಿ. ಹತ್ತು ಹದಿನೈದು ಬಾರಿ ಕಂಡ ಮೇಲೆ ಒಪ್ಪುವ ಮಕ್ಕಳಿದ್ದಾರೆ. ಪತ್ರೊಡೆಯ ವಿಷಯದಲ್ಲಿ ಮಾತ್ರ ಎಚ್ಚರ: ಕೆಸುವಿನೆಲೆ ಪೂರ್ತಿ ಬೇಯದಿದ್ದರೆ ಗಂಟಲು ತುರಿಸುತ್ತದೆ, ಮಗುವಿಗೆ ಅದನ್ನು ಹೇಳಲು ಬರುವುದಿಲ್ಲ.

ಊಟ ಮಾಡದಿದ್ದರೆ ಹಾಲಾದರೂ ಕುಡಿಯಲಿ ಎಂದು ಕೊಡುತ್ತೇವೆ.

ಹಾಲು ಹೆಚ್ಚಾದುದೇ ಊಟ ಕಡಿಮೆಯಾಗಲು ಕಾರಣವಿರಬಹುದು. ವರ್ಷದ ನಂತರ ದನದ ಹಾಲು ದಿನಕ್ಕೆ ಅರ್ಧ ಲೀಟರು ಮೀರಬಾರದು. ಮೀರಿದರೆ ಕಬ್ಬಿಣದ ಕೊರತೆಗೆ ದಾರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 65.5ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಚಹಾದಲ್ಲಿ ಬಿಸ್ಕತ್ತು ಅದ್ದಿ ಕೊಡುವುದನ್ನೂ ನಿಲ್ಲಿಸಿ, ಚಹಾ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಸೊಪ್ಪು, ಬೇಳೆಯ ಜೊತೆ ಲಿಂಬೆರಸವೋ ಬೀಜ ತೆಗೆದ ಮೆತ್ತನೆಯ ಪೇರಳೆಯೋ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ.

ಉಪ್ಪು, ಸಿಹಿ, ಜೇನು?

ಜೇನು ವರ್ಷ ತುಂಬುವವರೆಗೆ ನೆಕ್ಕಿಸಲೂ ಬೇಡ. ಅದರಲ್ಲಿರಬಹುದಾದ ಬಾಟ್ಯುಲಿಸಂ ರೋಗಾಣು ಕೂಸಿನ ನರಗಳನ್ನು ನಿಷ್ಕ್ರಿಯಗೊಳಿಸಬಲ್ಲದು. ಸಕ್ಕರೆ, ಬೆಲ್ಲ ಎರಡು ವರ್ಷದವರೆಗೆ ಬೇಡ. ಉಪ್ಪು ಒಂದರಿಂದ ಮೂರು ವರ್ಷದವರಿಗೆ ದಿನಕ್ಕೆ ಒಟ್ಟು 2 ಗ್ರಾಂ ದಾಟದಿರಲಿ. ಗಂಜಿಗೆ ಉಪ್ಪಿನಕಾಯಿಯ ರಸ ಬೆರೆಸಿದರೆ ಆ ಲೆಕ್ಕ ಕೂಡಲೇ ತಪ್ಪುತ್ತದೆ.

ಬೆಳಿಗ್ಗೆ ಮಾಡಿದ್ದನ್ನು ಸಂಜೆ ಕೊಡಬಹುದೇ?

ನಮ್ಮ ಸೆಕೆಯಲ್ಲಿ ಹೊರಗಿಟ್ಟ ಅನ್ನ, ತೆಂಗಿನಕಾಯಿ ಅರೆದ ಪದಾರ್ಥ ಎರಡು ಗಂಟೆಯ ನಂತರ ಮಗುವಿಗೆ ಬೇಡ. ಅನ್ನದಲ್ಲಿ ಬೆಳೆಯುವ ಕೆಲವು ರೋಗಾಣುಗಳ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ದೊಡ್ಡವರು ಉಣ್ಣುವ ತಂಗಳು ಗಂಜಿಯೂ ಪುಟ್ಟವರಿಗೆ ಬೇಡ. ಮಳೆಗಾಲದಲ್ಲಿ ಬಾವಿಗೆ ಮೇಲಿನ ನೀರು ಇಳಿಯುತ್ತದೆ; ಕೊತಕೊತ ಕುದಿಸಿ ಆರಿಸಿದ ನೀರನ್ನೇ ಕುಡಿಸಿ, ಉಣಿಸುವ ಕೈಯನ್ನೂ ಉಣ್ಣುವ ಕೈಯನ್ನೂ ಸಾಬೂನಿನಿಂದ ತೊಳೆಯಿರಿ.

ಮೊಟ್ಟೆ, ನೆಲಗಡಲೆ ಅಲರ್ಜಿ ತರುತ್ತವೆಂದು ತಡ ಮಾಡಬೇಕೇ?

ತಡ ಮಾಡುವುದರಿಂದ ಲಾಭವಿಲ್ಲ. ಪೂರ್ತಿ ಬೆಂದ ಮೊಟ್ಟೆಯನ್ನು ಆರು ತಿಂಗಳ ನಂತರ ಸ್ವಲ್ಪ ಸ್ವಲ್ಪವಾಗಿ ಶುರು ಮಾಡಿ. ನೆಲಗಡಲೆಯನ್ನು ನುಣ್ಣಗೆ ಅರೆದು ಗಂಜಿಯಲ್ಲಿ ತೆಳ್ಳಗೆ ಕದಡಿ. ಗಟ್ಟಿ ಪೇಸ್ಟ್ ಗಂಟಲಿಗೆ ಅಂಟುತ್ತದೆ. ಹೊಸದನ್ನು ಹಗಲಲ್ಲಿ ಕೊಡಿ. ತುಟಿ, ಮುಖ ಬಾತರೆ ಅಥವಾ ಉಸಿರಾಟ ಕಷ್ಟವಾದರೆ 108. ಈಗಾಗಲೇ ತೀವ್ರ ಚರ್ಮದ ಕಜ್ಜಿ ಅಥವಾ ಅಲರ್ಜಿ ಇರುವ ಮಗುವಾದರೆ ಮೊದಲು ವೈದ್ಯರನ್ನು ಕೇಳಿ.

ಅಂಗನವಾಡಿಯ ಕಬ್ಬಿಣದ ಸಿರಪ್, ಜಂತುಹುಳು ಮಾತ್ರೆ ಕೊಡಬೇಕೇ?

ಕೊಡಬೇಕು. ಸಿರಪ್ ವಾರಕ್ಕೆ ಎರಡು ಬಾರಿ 1 ಮಿಲಿಲೀಟರ್. ಮಲ ಕಪ್ಪಾದರೆ ಹೆದರಬೇಡಿ. ಬಾಟಲಿಯನ್ನು ಮಕ್ಕಳ ಕೈಗೆಟುಕದಂತೆ ಎತ್ತರದಲ್ಲಿಡಿ, ಒಮ್ಮೆಲೇ ಹೆಚ್ಚು ಕುಡಿದರೆ ಅದು ವಿಷ. ಜಂತುಹುಳುವಿಗೆ ಅಲ್ಬೆಂಡಜೋಲ್ ಮಾತ್ರೆಯನ್ನು ಒಂದರಿಂದ ಎರಡು ವರ್ಷದವರಿಗೆ ಅರ್ಧ, ನಂತರ ಒಂದು ಕೊಡುತ್ತಾರೆ. ಮಾತ್ರೆಯೂ ಗಂಟಲಲ್ಲಿ ಸಿಕ್ಕಿಕೊಳ್ಳಬಲ್ಲದು: ಪುಡಿ ಮಾಡಿ ನೀರಿನಲ್ಲಿ ಕದಡಿಸಿಯೇ ಕುಡಿಸಿ, ಅಳುವ ಮಗುವಿನ ಮೂಗು ಹಿಡಿದು ಹಾಕಬೇಡಿ.

ಕಾರಿನಲ್ಲಿ, ಬಸ್ಸಿನಲ್ಲಿ ತಿನ್ನಿಸಬಹುದೇ?

ಬೇಡ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಹಿಂದಿನ ಸೀಟಿನ ಮಗುವಿಗೆ ಉಸಿರುಗಟ್ಟಿದರೆ ಚಾಲಕನಿಗೆ ತಿಳಿಯುವುದೂ ಇಲ್ಲ, ಕೂಡಲೇ ನಿಲ್ಲಿಸಲು ಜಾಗವೂ ಇಲ್ಲ. ನಿಲ್ಲಿಸಿ, ಇಳಿಸಿ, ಉಣಿಸಿ.

ಇದನ್ನೆಲ್ಲ ಹೇಳಿದರೆ ಅತ್ತೆಯವರು "ನಾವು ಮಕ್ಕಳನ್ನು ಸಾಕಲಿಲ್ಲವೇ" ಎನ್ನುತ್ತಾರೆ.

ಸಾಕಿದ್ದಾರೆ, ಪ್ರೀತಿಯಿಂದಲೇ ಸಾಕಿದ್ದಾರೆ. ಅವರೊಂದಿಗೆ ವಾದ ಮಾಡುವುದಕ್ಕಿಂತ ಕೆಲಸ ಒಪ್ಪಿಸಿ ನೋಡಿ. ಮೀನಿನ ಮುಳ್ಳು ಬಿಡಿಸುವ ತಾಳ್ಮೆ ಅವರ ಬೆರಳುಗಳಿಗಿರುವಷ್ಟು ನಮ್ಮ ಬೆರಳುಗಳಿಗಿಲ್ಲ. ಉಪ್ಪು ಹಾಕುವ ಮುನ್ನ ಮಗುವಿನ ಪಾಲು ತೆಗೆದಿಡುವುದು, ಮೊಮ್ಮಗುವಿನ ಎದುರು ಮಣೆ ಹಾಕಿ ಕುಳಿತು ತಾವೂ ಉಣ್ಣುವುದು, ಇವನ್ನೆಲ್ಲ ಅವರು ಬೇಗ ಒಪ್ಪುತ್ತಾರೆ. ಸಭೆಗೆ ಅವರನ್ನೂ ಕರೆದುಕೊಂಡು ಬನ್ನಿ. ಕಳೆದ ಮಳೆಗಾಲದಲ್ಲಿ ಕಾಪು ಕಡೆಯ ಒಂದು ಸಭೆಯಲ್ಲಿ ಹಿಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಎಲ್ಲ ಮುಗಿದ ಮೇಲೆ ಎದ್ದು ಬಂದು, ಬೆನ್ನಿಗೆ ಹೊಡೆಯುವುದನ್ನು ಇನ್ನೊಮ್ಮೆ ತೋರಿಸೆಂದು ಕೇಳಿದರು. ದಿಂಬನ್ನು ಮುಂಗೈಯ ಮೇಲೆ ಹಾಕಿಕೊಂಡು, ಎಣಿಸುತ್ತ ಐದು ಪೆಟ್ಟು ಕೊಟ್ಟರು. "ಇಷ್ಟು ಜೋರು ಸಾಕೇ ಮಗಾ, ಮಗುವಿಗೆ ನೋಯುವುದಿಲ್ಲವೇ?" ಎಂದರು. ಇನ್ನೂ ಸ್ವಲ್ಪ ಜೋರು ಬೇಕು ಎಂದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮತ್ತೆ ಎಣಿಸತೊಡಗಿದರು.